ಓಪನ್ ಸೈಟೋ, ಪೀಪ್ ಸೈಟೋ, ಸ್ಕೋಪೋ? ಕಡಿಮೆ ಬಜೆಟ್ಟಿನ ಏರ್ ರೈಫಲ್‌ಗೆ ಗುರಿ ಕೂರಿಸುವವರಿಗೆ

ಹೊಸ ಏರ್ ರೈಫಲ್ ತಂದವರು ಮೊದಲ ವಾರದಲ್ಲೇ ಕೇಳುವ ಮಾತು ಒಂದೇ: "ಗುರಿ ಸರಿಯಾಗಿಯೇ ಹಿಡಿದಿದ್ದೀನಿ, ಪೆಲೆಟ್ ಮಾತ್ರ ಎಡಕ್ಕೇ ಹೋಗ್ತಿದೆ. ಸ್ಕೋಪ್ ಹಾಕಿಸಿಬಿಡ್ಲಾ?" ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಆಚೆ ನಮ್ಮ ಹೊಲದ ಕಣದಲ್ಲಿ ಮಗಳಿಗೆ ಗುರಿ ಹೊಡೆಯೋದು ಕಲಿಸುತ್ತ ಕೆಲವು ವರ್ಷಗಳಾದವು. ಆ ಅನುಭವದಿಂದ ಹೇಳುತ್ತೇನೆ: ಸದ್ಯಕ್ಕೆ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದೂರದರ್ಶಕ, ಬೇಡ. ರೈಫಲ್ ಜೊತೆಗೇ ಬಂದಿರುವ ಓಪನ್ ಸೈಟನ್ನು, ಅಂದರೆ ಗುರಿ ನೋಡುವ ಕಚ್ಚು ಮತ್ತು ಕಡ್ಡಿಯನ್ನು, ಸರಿಯಾಗಿ ಕೂರಿಸಿಕೊಳ್ಳಿ, ಸ್ಕೋಪಿಗೆ ಎತ್ತಿಟ್ಟ ದುಡ್ಡಲ್ಲಿ ಒಳ್ಳೆಯ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು) ತನ್ನಿ. ಕೆಲವರಿಗೆ ಈ ಮಾತು ಹೊಂದುವುದಿಲ್ಲ. ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ ಅನ್ನುವುದನ್ನು ಬಿಡಿಸಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ವಿಷಯ ಮುಗಿಸಿಬಿಡೋಣ. ಅಮೆರಿಕದ ವಿಡಿಯೋಗಳಲ್ಲಿ ತೋರಿಸುವ "ಬೇಟೆ ರೈಫಲ್" ನಮ್ಮ ಲೆಕ್ಕಕ್ಕೆ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಕಾಪಾಡಲೇಬೇಕಾದ ಜೀವಗಳಿವೆ. ಜಗಳೂರಿನ ಕಡೆ ಕೊಂಡುಕುರಿಗಾಗಿಯೇ ರಂಗಯ್ಯನದುರ್ಗ ಅಭಯಾರಣ್ಯ ಇದೆ, ಚಿತ್ರದುರ್ಗದ ಬೆನ್ನಿಗೆ ಜೋಗಿಮಟ್ಟಿ ಇದೆ. ಮೆಕ್ಕೆಜೋಳಕ್ಕೆ ಹಂದಿ ನುಗ್ಗುತ್ತದೆ, ಶೇಂಗಾ ಹೊಲಕ್ಕೆ ನವಿಲು ಇಳಿಯುತ್ತದೆ, ನಷ್ಟ ಸಣ್ಣದಲ್ಲ, ಅದು ನನಗೂ ಗೊತ್ತು. ಆದರೂ ಅದಕ್ಕೆ ಏರ್ ರೈಫಲ್ ಉತ್ತರವಲ್ಲ. ಈ ಪೆಲೆಟ್ ಹಂದಿಯನ್ನು ಕೊಲ್ಲುವುದಿಲ್ಲ. ಗಾಯ ಮಾಡಿ ವಾರಗಟ್ಟಲೆ ನರಳಿಸುತ್ತದೆ. ಇಲ್ಲಿ ಹೇಳುವುದೆಲ್ಲ ಕಾಗದದ ಗುರಿಗೆ ಮಾತ್ರ.

ಏರ್ ರೈಫಲ್ ಕೊಳ್ಳಲು ಲೈಸೆನ್ಸ್ ಬೇಕೇ? 2016ರ ಆಯುಧ ನಿಯಮಗಳ ಪ್ರಕಾರ 0.177 ಇಂಚು ಬೋರಿನ, ಅಂದರೆ ನಳಿಗೆಯ ಒಳ ಅಗಲ 4.5 ಮಿ.ಮೀ. ಇರುವ, 20 ಜೂಲ್ ಶಕ್ತಿಯ ಮಿತಿಯೊಳಗಿನ ಏರ್ ರೈಫಲ್‌ಗೆ ಬೇಡ. 0.22 ಬೋರಿನದು ಕೊಳ್ಳುವುದಾದರೆ ಲೈಸೆನ್ಸ್ ಬೇಕು. ಗುರುತಿನ ಚೀಟಿ ಕೊಟ್ಟು, ರಸೀದಿ ತೆಗೆದುಕೊಂಡು, ಆ ರಸೀದಿಯ ಒಂದು ಪ್ರತಿಯನ್ನು ರೈಫಲ್ ಚೀಲದಲ್ಲೇ ಇಟ್ಟಿರಿ. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಉದ್ದನೆಯ ಚೀಲ ಹೊತ್ತು ನಿಂತರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಇನ್ನು ಯಾವ ಥರದ ರೈಫಲ್? ನಳಿಗೆಯನ್ನು ಕೀಲಿನಲ್ಲಿ ಮಡಚಿ ಸ್ಪ್ರಿಂಗ್ ಒತ್ತುವ ಸ್ಪ್ರಿಂಗ್ ರೈಫಲ್, ಸ್ಪ್ರಿಂಗಿನ ಜಾಗದಲ್ಲಿ ಗ್ಯಾಸ್ ತುಂಬಿದ ಕೊಳವೆ ಇರುವ ಗ್ಯಾಸ್ ರ‍್ಯಾಮ್, ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ. ನಿಜ ಹೇಳಬೇಕೆಂದರೆ ಗುರಿ ಕೂರಿಸಲು ಇವುಗಳಲ್ಲಿ ಅತಿ ಸುಲಭ ಪಿಸಿಪಿಯೇ. ಒದೆತ ಇಲ್ಲ, ಹೇಗೆ ಹಿಡಿದರೂ ಹೆಚ್ಚು ಕಡಿಮೆ ಒಂದೇ ಕಡೆ ಹೊಡೆಯುತ್ತದೆ. ಆದರೆ ರೈಫಲ್ ಬೆಲೆಯ ಜೊತೆಗೆ 200 ಬಾರ್ ಒತ್ತಡ ಏರಿಸುವ ಪಂಪಿನ ಬೆಲೆಯೂ ಸೇರುತ್ತದೆ, ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಒತ್ತಡವನ್ನು ಸಮನಾಗಿಡುವ ಭಾಗ) ಇಲ್ಲದ ಅಗ್ಗದ ಪಿಸಿಪಿಯಲ್ಲಿ ಒತ್ತಡ ಇಳಿದಂತೆಲ್ಲ ಪೆಲೆಟ್ ಬೀಳುವ ಜಾಗವೂ ಬದಲಾಗುತ್ತದೆ. ಗ್ಯಾಸ್ ರ‍್ಯಾಮ್‌ನಲ್ಲಿ ಸ್ಪ್ರಿಂಗಿನ ಝೇಂಕಾರ ಇಲ್ಲ, ಒದೆತ ಮಾತ್ರ ಚುರುಕಾಗಿಯೇ ಇರುತ್ತದೆ. ಮೊದಲ ರೈಫಲ್ ಆದರೆ, ದುಡ್ಡು ಹಿಡಿತದಲ್ಲಿದ್ದರೆ, ಮಧ್ಯಮ ಶಕ್ತಿಯ ಸ್ಪ್ರಿಂಗ್ ರೈಫಲ್ ಸಾಕು. ಹಳೆಯವರ ಮನೆಗಳಲ್ಲಿ ಹಿಂದಿನ ಕಾಲದ ಏರ್ ರೈಫಲ್ ಐಎಚ್‌ಪಿ 35 ಇದ್ದರೂ ಇದ್ದೀತು, ವಾಷರ್ ಬದಲಿಸಿದರೆ ಅದರಲ್ಲೂ ಕಲಿಯಬಹುದು. ಡಬ್ಬದ ಮೇಲೆ ದೊಡ್ಡದಾಗಿ ಬರೆದ ವೇಗ ನೋಡಿ ಮರುಳಾಗಬೇಡಿ. ಸ್ಪ್ರಿಂಗ್ ರೈಫಲ್‌ನಲ್ಲಿ ಶಕ್ತಿ ಹೆಚ್ಚಿದಷ್ಟೂ ಒದೆತ ಹೆಚ್ಚು, ಒದೆತ ಹೆಚ್ಚಿದಷ್ಟೂ ಗುರಿ ಕಷ್ಟ.

ಈಗ ಮುಖ್ಯ ವಿಷಯ, ಸೈಟು.

ಓಪನ್ ಸೈಟ್ ಅಂದರೆ ಹಿಂದೊಂದು ಕಚ್ಚು, ಮುಂದೊಂದು ಕಡ್ಡಿ. ಕಣ್ಣು ಮೂರು ಕಡೆ ನೋಡಬೇಕು: ಕಚ್ಚು, ಕಡ್ಡಿ, ಗುರಿ. ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಸಾಧ್ಯವೇ ಇಲ್ಲ. ಸ್ಪಷ್ಟವಾಗಿ ಕಾಣಬೇಕಾದದ್ದು ಮುಂದಿನ ಕಡ್ಡಿ ಒಂದೇ, ಗುರಿಯ ಕರಿ ಚುಕ್ಕೆ ಸ್ವಲ್ಪ ಮಸುಕಾದರೆ ತೊಂದರೆಯಿಲ್ಲ. ಕಡ್ಡಿಯ ತಲೆ ಕಚ್ಚಿನ ಅಂಚಿಗೆ ಸಮನಾಗಿರಬೇಕು, ಎಡಬಲದ ಬೆಳಕಿನ ಸಂದು ಒಂದೇ ಅಗಲ ಇರಬೇಕು, ಆ ಕಡ್ಡಿಯ ಮೇಲೆ ಕರಿ ಚುಕ್ಕೆ ಹಣತೆಯ ಮೇಲೆ ದೀಪ ಕೂತಂತೆ ಕೂರಬೇಕು. ಇದನ್ನು ಕಲಿತ ಮಗುವಿಗೆ ಮುಂದೆ ಯಾವ ಸೈಟ್ ಕೊಟ್ಟರೂ ಹೊಡೆಯುತ್ತದೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ಏರ್ ರೈಫಲ್‌ಗೇ ಬೇರೆ ವಿಭಾಗ ಇದೆ. ಆದ್ದರಿಂದ ಇದು ದಾಟಿಹೋಗಿ ಮರೆಯುವ ಮೆಟ್ಟಿಲು ಅಂದುಕೊಳ್ಳಬೇಡಿ.

ಪೀಪ್ ಸೈಟಿನಲ್ಲಿ ಹಿಂದಿನ ಕಚ್ಚಿನ ಬದಲು ಕಣ್ಣಿನ ಹತ್ತಿರ ಒಂದು ಸಣ್ಣ ತೂತು. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಗೊತ್ತು, ಕಿಂಡಿ ಅಂದರೆ ಬರುವವನಿಗೆ ಒಂದೇ ದಾರಿ. ಪೀಪ್ ಸೈಟ್ ಕಣ್ಣಿಗೆ ಹಾಗೆ ಒಂದೇ ದಾರಿ ಬಿಡುತ್ತದೆ. ತೂತಿನ ನಡುವೆ ಮುಂದಿನ ಸೈಟಿನ ಉಂಗುರ, ಉಂಗುರದ ನಡುವೆ ಕರಿ ಚುಕ್ಕೆ. ವೃತ್ತದೊಳಗೆ ವೃತ್ತ ಇಡುವುದು ಕಣ್ಣಿಗೆ ತಾನಾಗಿ ಒಗ್ಗುತ್ತದೆ. ಸಣ್ಣ ತೂತಿನಿಂದ ನೋಡಿದಾಗ ಹತ್ತಿರದ್ದೂ ದೂರದ್ದೂ ಹೆಚ್ಚು ಕಡಿಮೆ ಒಟ್ಟಿಗೆ ಸ್ಪಷ್ಟವಾಗುವುದರಿಂದ ಚಾಳೀಸು ಬಂದವರಿಗೆ ಇದು ವರ. ನನಗೆ ನಲವತ್ತೈದು ದಾಟಿದ ಮೇಲೆ ಓಪನ್ ಸೈಟಿನ ಹಿಂದಿನ ಕಚ್ಚು ಹತ್ತಿಯ ಉಂಡೆಯ ಹಾಗೆ ಕಾಣತೊಡಗಿತ್ತು. ಪೀಪ್ ಹಾಕಿದ ಸಂಜೆ ಕಡ್ಡಿಯ ಅಂಚು ಮತ್ತೆ ಬ್ಲೇಡಿನಷ್ಟು ಚೂಪಾಗಿ ಕಂಡಿತು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ, ಅಲ್ಲಿ ಬಳಸುವುದೂ ಪೀಪ್ ಸೈಟೇ. ಆ ಸ್ಪರ್ಧೆಗೆ ದೂರದರ್ಶಕ ಸ್ಕೋಪನ್ನು ನಿಯಮವೇ ಬಿಡುವುದಿಲ್ಲ. ಆ ಗುರಿಯಲ್ಲಿ ಹತ್ತು ಅಂಕದ ನಡುಚುಕ್ಕೆ ಬರೀ ಅರ್ಧ ಮಿ.ಮೀ. ಅಗಲ. ಸ್ಕೋಪ್ ಇಲ್ಲದೆ ಗುರಿ ಆಗುವುದಿಲ್ಲ ಅನ್ನುವವರು ಈ ಅಳತೆಯನ್ನು ಒಮ್ಮೆ ಸ್ಕೇಲ್ ಇಟ್ಟು ನೋಡಬೇಕು.

ಸ್ಕೋಪಿನ ಬಗ್ಗೆ ನನಗೆ ದ್ವೇಷವಿಲ್ಲ. ಇಪ್ಪತ್ತು, ಇಪ್ಪತ್ತೈದು ಮೀಟರ್ ಆಚೆಯ ಗುರಿಗೆ ಅದು ನಿಜವಾಗಿ ಸಹಾಯ ಮಾಡುತ್ತದೆ. ಆದರೆ ಅಗ್ಗದ ಸ್ಕೋಪ್ ಮತ್ತು ಸ್ಪ್ರಿಂಗ್ ರೈಫಲ್ ಒಂದಕ್ಕೊಂದು ಆಗಿಬರುವುದಿಲ್ಲ. ಮದ್ದಿನ ರೈಫಲ್ ಹಿಂದಕ್ಕೆ ಒಂದೇ ಸಲ ಒದೆಯುತ್ತದೆ. ಸ್ಪ್ರಿಂಗ್ ರೈಫಲ್ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಹಿಂದಕ್ಕೂ, ಪಿಸ್ಟನ್ ತುದಿಗೆ ಬಡಿದು ನಿಲ್ಲುವಾಗ ಮುಂದಕ್ಕೂ ಒದೆಯುತ್ತದೆ. ಮದ್ದಿನ ರೈಫಲ್‌ಗೆಂದು ಮಾಡಿದ ಸ್ಕೋಪಿನ ಒಳಭಾಗ ಈ ಮುಂದಿನ ಒದೆತಕ್ಕೆ ತಯಾರಾಗಿರುವುದಿಲ್ಲ. ನಾನೂ ಒಂದು ಅಂಥ ಸ್ಕೋಪ್ ತಂದು ಹಾಕಿದೆ. ಮೊದಲ ಸಂಜೆ ಚೆನ್ನಾಗಿತ್ತು. ಮರುದಿನ ಒಂದು ಬೆರಳು ಕೆಳಗೆ, ಅದರ ಮರುದಿನ ಎರಡು ಬೆರಳು. ಟರೆಟ್ (ಸ್ಕೋಪಿನ ಗುರಿ ಸರಿಸುವ ತಿರುಗುಗುಂಡಿ) ತಿರುಗಿಸುತ್ತ, ಮತ್ತೆ ಹೊಡೆಯುತ್ತ, 500ರ ಒಂದು ಡಬ್ಬಿ ಪೆಲೆಟ್‌ನಲ್ಲಿ ಮುಕ್ಕಾಲು ಭಾಗ ಕಳೆದೆ. ಕೊನೆಗೆ ಬಿಚ್ಚಿ ನೋಡಿದರೆ ರೈಲಿನ (ರೈಫಲ್ ಮೇಲೆ ಸ್ಕೋಪ್ ಕೂರುವ ಪಟ್ಟಿ) ಮೇಲೆ ಎರಡು ಮಿ.ಮೀ. ಉದ್ದದ ಹೊಳೆಯುವ ಗೀರು. ಪ್ರತಿ ಹೊಡೆತಕ್ಕೂ ಮೌಂಟ್, ಅಂದರೆ ಸ್ಕೋಪನ್ನು ರೈಲಿಗೆ ಬಿಗಿಯುವ ಹಿಡಿಕೆ, ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತಿತ್ತು. ಆಮೇಲೆ ಮೌಂಟಿನ ಅಂಚಿಗೆ ಸೀಸದ ಕಡ್ಡಿಯಲ್ಲಿ ಗೆರೆ ಎಳೆದು ಹತ್ತು ಹೊಡೆದೆ. ಗೆರೆಗೂ ಮೌಂಟಿಗೂ ನಡುವೆ ಬೆಳ್ಳಗೆ ಸಂದು ಬಿಟ್ಟಿತ್ತು.

ಅದಕ್ಕೇ ಸ್ಕೋಪ್ ಕೊಳ್ಳಲೇಬೇಕು ಎನ್ನುವವರು ಏರ್ ರೈಫಲ್‌ಗೆಂದೇ ಮಾಡಿದ್ದು ಅಂತ ಬರೆದಿರುವುದನ್ನು ಕೊಳ್ಳಿ. ಒಂದೇ ತುಂಡಿನ ಮೌಂಟ್ ಇರಲಿ, ಅದರಲ್ಲಿ ಹಿಂದಕ್ಕೆ ಜಾರದಂತೆ ತಡೆಯುವ ಪಿನ್ ಇರಲಿ. ಮುಂದಿನ ಗಾಜನ್ನು ತಿರುಗಿಸಿ 10 ಮೀಟರಿಗೆ ಹೊಂದಿಸುವಂತಿರಲಿ. ಮದ್ದಿನ ರೈಫಲ್ ಸ್ಕೋಪುಗಳು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತವೆ. 10 ಮೀಟರಿನಲ್ಲಿ ಗುರಿ ಮಸುಕಾಗುವುದು ಒಂದು ತೊಂದರೆ, ಕಣ್ಣು ಸ್ವಲ್ಪ ಸರಿದರೂ ಅಡ್ಡಗೆರೆ ಗುರಿಯ ಮೇಲೆ ಈಜಾಡುವುದು ಇನ್ನೂ ದೊಡ್ಡ ತೊಂದರೆ. ಇಷ್ಟೆಲ್ಲ ಇರುವ ಸ್ಕೋಪಿನ ಬೆಲೆ ಕೇಳಿದರೆ ಅಗ್ಗದ ರೈಫಲ್ ಕೊಂಡ ಉದ್ದೇಶವೇ ಹಾಳಾಗುತ್ತದೆ.

ಇನ್ನೊಂದು ಕಾರಣವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಸೈಟಿನ ಎತ್ತರ. ಓಪನ್ ಸೈಟ್ ನಳಿಗೆಯ ನಡುಗೆರೆಯಿಂದ ಸುಮಾರು 2 ಸೆಂ.ಮೀ. ಮೇಲಿರುತ್ತದೆ, ಸ್ಕೋಪ್ ಸುಮಾರು 4 ಸೆಂ.ಮೀ. 8 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಪೆಲೆಟ್ ಸೆಕೆಂಡಿಗೆ 215 ಮೀಟರ್ ವೇಗದಲ್ಲಿ ಹೊರಟಿತು ಅನ್ನಿ. ಶಕ್ತಿ ಸುಮಾರು 12 ಜೂಲ್ ಆಯಿತು. ಅದು 10 ಮೀಟರ್ ಮುಟ್ಟುವಷ್ಟರಲ್ಲಿ ಒಂದು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು, 20 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 5 ಸೆಂ.ಮೀ. ಇಳಿದಿರುತ್ತದೆ. ಓಪನ್ ಸೈಟನ್ನು 10 ಮೀಟರಿಗೆ ಝೀರೋ ಮಾಡಿ, ಅಂದರೆ ಆ ದೂರದಲ್ಲಿ ಗುರಿ ಇಟ್ಟ ಜಾಗಕ್ಕೇ ಪೆಲೆಟ್ ಬೀಳುವಂತೆ ಕೂರಿಸಿ, ಅದೇ ಗುರಿಯನ್ನು 20 ಮೀಟರಿಗೆ ಒಯ್ದರೆ ಪೆಲೆಟ್ ಬೀಳುವುದು 6 ಮಿ.ಮೀ. ಕೆಳಗೆ. ಕಲಿಯುವವರ ಕೈಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಸ್ಕೋಪನ್ನು 10 ಮೀಟರಿಗೆ ಝೀರೋ ಮಾಡಿ 20 ಮೀಟರಿಗೆ ಹೋದರೆ ಒಂದೂವರೆ ಸೆಂ.ಮೀ.ನಷ್ಟು ಮೇಲೆ ಬೀಳುತ್ತದೆ. ಸ್ಕೋಪನ್ನು 20ಕ್ಕೆ ಕೂರಿಸಿದರೆ ಸುಮಾರು 15ರಿಂದ 20 ಮೀಟರ್ ತನಕ ಗುರಿಯ ಮೇಲೇ ಇರುತ್ತದೆ, ಆದರೆ 5 ಮೀಟರಿನಲ್ಲಿ 2 ಸೆಂ.ಮೀ., 30 ಮೀಟರಿನಲ್ಲಿ ಎರಡೂವರೆ ಸೆಂ.ಮೀ. ಕೆಳಗೆ. ಹಾಗಾಗಿ ಸ್ಕೋಪ್ ಇದ್ದವರು ದೂರವನ್ನು ಅಳೆದು ಹೊಡೆಯಬೇಕು, ಓಪನ್ ಸೈಟಿನವರಿಗೆ 20 ಮೀಟರ್ ತನಕ ಆ ತಾಪತ್ರಯ ಕಡಿಮೆ. ನಿಮ್ಮ ರೈಫಲ್ಲಿನ ವೇಗ ಬೇರೆಯಾದರೆ ಸಂಖ್ಯೆಗಳು ಬದಲಾಗುತ್ತವೆ, ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಪೆಲೆಟ್‌ನಲ್ಲಿ ನನ್ನ ಆಯ್ಕೆ ನೇರ. 10 ಮೀಟರ್ ಕಾಗದಕ್ಕೆ ಚಪ್ಪಟೆ ತಲೆಯದು. ಹೋಲ್ ಪಂಚ್ ಮಾಡಿದ ಹಾಗೆ ದುಂಡಗೆ ತೂತು ಮಾಡುತ್ತದೆ, ಅಳೆಯಲು ಸುಲಭ. 20 ಮೀಟರ್ ಮೇಲೆ ಗುಂಡು ತಲೆಯದು, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಚೂಪು ತಲೆಯದು ನೋಡಲು ಚಂದ, ಅದರಾಚೆಗೆ ಅದರಿಂದ ನನಗೆ ಉಪಯೋಗ ಕಂಡಿಲ್ಲ. ಎರಡು ಮೂರು ಬಗೆಯ ಸಣ್ಣ ಡಬ್ಬಿ ತಂದು ಪ್ರತಿಯೊಂದರಲ್ಲೂ ಐದೈದು ಹೊಡೆದು ಯಾವುದು ಒತ್ತಾಗಿ ಬೀಳುತ್ತದೆ ನೋಡಿ. ಒಂದೇ ಕಂಪನಿಯ ಎರಡು ರೈಫಲ್ಲುಗಳು ಕೂಡ ಬೇರೆ ಬೇರೆ ಪೆಲೆಟ್ ಇಷ್ಟಪಡುತ್ತವೆ. ಹೊಡೆಯುವ ಮೊದಲು ಪೆಲೆಟ್‌ಗಳನ್ನು ಗಾಜಿನ ಮೇಲೆ ಉರುಳಿಸಿ: ಸರಿಯಿದ್ದದ್ದು ಕಮಾನಿನಂತೆ ಸುತ್ತಿ ಬರುತ್ತದೆ, ಲಂಗ (ಪೆಲೆಟ್‌ನ ಹಿಂಬದಿಯ ಅಗಲವಾದ ಅಂಚು) ಸೊಟ್ಟಾದದ್ದು ಕುಂಟುತ್ತ ನಿಲ್ಲುತ್ತದೆ. ಕುಂಟಿದ್ದನ್ನು ಪಕ್ಕಕ್ಕಿಡಿ. ಅದು ಸೀಸ, ಬಾಯಲ್ಲಿ ಕಚ್ಚಿಟ್ಟುಕೊಳ್ಳುವ ಅಭ್ಯಾಸ ಬೇಡವೇ ಬೇಡ, ಹೊಡೆದಾದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಮಂಡಕ್ಕಿಗೆ ಕೈ ಹಾಕಿ.

ಈಗ ಕೂರಿಸುವ ಕೆಲಸ. ಹೊಸ ಸ್ಪ್ರಿಂಗ್ ರೈಫಲ್ಲಿನ ಮೊದಲ ಹೊಡೆತಗಳಲ್ಲಿ ಒಳಗಿನ ಎಣ್ಣೆ ಉರಿದು ಹೊಗೆ ಬರುತ್ತದೆ, ಶಬ್ದ ಜೋರಿರುತ್ತದೆ, ವೇಗ ಏರುಪೇರು. ಅದು ನಿಲ್ಲುವವರೆಗೆ ಸೈಟ್ ಮುಟ್ಟಬೇಡಿ. ಸ್ಟಾಕಿನ (ರೈಫಲ್ಲಿನ ಹಿಡಿಭಾಗದ) ಸ್ಕ್ರೂಗಳನ್ನು ಬಿಗಿ ಮಾಡಿ. ಅರ್ಧದಷ್ಟು "ರೈಫಲ್ ಕೆಟ್ಟಿದೆ" ದೂರುಗಳು ಅಲ್ಲೇ ಮುಗಿಯುತ್ತವೆ ಅನ್ನುವುದು ನನ್ನ ಅನಿಸಿಕೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಗಾಳಿಯ ದಿಂಬಿಲ್ಲದೆ ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ.

ಹಿಡಿತ ಎಲ್ಲಕ್ಕಿಂತ ಮುಖ್ಯ. ಬಿಗಿಯಾಗಿ ಅವುಚಿ ಹಿಡಿದರೆ ಸ್ಪ್ರಿಂಗ್ ರೈಫಲ್ ಪ್ರತಿ ಸಲ ಬೇರೆ ಕಡೆ ಹಾರುತ್ತದೆ, ಯಾಕೆಂದರೆ ಪೆಲೆಟ್ ನಳಿಗೆ ಬಿಡುವ ಮೊದಲೇ ರೈಫಲ್ ಅಲುಗಲು ಶುರುವಾಗಿರುತ್ತದೆ. ಆ ಅಲುಗಾಟವನ್ನು ತಡೆಯಲು ಆಗುವುದಿಲ್ಲ, ಪ್ರತಿ ಸಲ ಒಂದೇ ರೀತಿ ಅಲುಗುವಂತೆ ಮಾಡಬಹುದು ಅಷ್ಟೇ. ಮೇಜಿನ ಮೇಲೆ ಮರಳಿನ ಚೀಲ, ಚೀಲದ ಮೇಲೆ ನಿಮ್ಮ ಎಡಗೈ, ತೆರೆದ ಅಂಗೈ ಮೇಲೆ ರೈಫಲ್. ಮಲಗಿದ ಕೂಸಿನ ತಲೆ ಎತ್ತಿದಷ್ಟು ಹಗುರವಾಗಿ. ಮಗಳಿಗೆ ನಾನು ಹೇಳಿದ್ದು ಇಷ್ಟೇ: "ಅದನ್ನ ಹಿಡ್ಕೋಬೇಡ, ಅದು ನಿನ್ನ ಕೈ ಮೇಲೆ ಕೂತ್ಕೊಳ್ಳಲಿ." ಅವತ್ತು ಅವಳ ಐದು ತೂತು ಐದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು. ಅದಕ್ಕೆ ಹಿಂದಿನ ವಾರ ಅದೇ ರೈಫಲ್‌ನಲ್ಲಿ ಅವು ಅಂಗೈ ಅಗಲ ಹರಡಿದ್ದವು.

ಮೊದಲು 5 ಮೀಟರಿನಲ್ಲಿ ಹೊಡೆದು ಕಾಗದದ ಮೇಲೆ ಬೀಳುತ್ತಿದೆಯೇ ನೋಡಿ, ಆಮೇಲೆ 10ಕ್ಕೆ ಹೋಗಿ. ಟೇಪಿನಲ್ಲೇ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಏರ್ ಪಿಸ್ತೂಲಿನ ಗುರಿಕಾಗದ ಬಳಸಿ, ಅದರ ಕಪ್ಪು ಭಾಗ 59.5 ಮಿ.ಮೀ. ಅಗಲವಿರುವುದರಿಂದ ಓಪನ್ ಸೈಟಿಗೆ ಚೆನ್ನಾಗಿ ಕಾಣುತ್ತದೆ. ರೈಫಲ್ ಗುರಿಕಾಗದದ ಕಪ್ಪು 30.5 ಮಿ.ಮೀ. ಮಾತ್ರ. ಐದು ಹೊಡೆಯಿರಿ. ಒಂದು ತೂತು ನೋಡಿ ಸ್ಕ್ರೂ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಐದರ ನಡುಬಿಂದು ಎಲ್ಲಿದೆ ಅದನ್ನು ಗುರುತು ಹಾಕಿ. ಐದೂ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಸೈಟ್ ತಿರುಗಿಸಿ ಪ್ರಯೋಜನವಿಲ್ಲ, ಹಿಡಿತಕ್ಕೋ ಪೆಲೆಟ್‌ಗೋ ಮರಳಿ ಹೋಗಿ.

ಪೆಲೆಟ್ ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು. ಎಡಕ್ಕೆ ಬೀಳುತ್ತಿದ್ದರೆ ಬಲಕ್ಕೆ, ಕೆಳಗೆ ಬೀಳುತ್ತಿದ್ದರೆ ಮೇಲಕ್ಕೆ. ಎಷ್ಟು ಸರಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ: ತಪ್ಪಿದ ಅಳತೆಯನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ ಗುರಿಯ ದೂರದಿಂದ ಭಾಗಿಸಿ. ಸೈಟುಗಳ ನಡುವೆ 45 ಸೆಂ.ಮೀ. ಇದ್ದು, 10 ಮೀಟರಿನಲ್ಲಿ 2 ಸೆಂ.ಮೀ. ತಪ್ಪುತ್ತಿದ್ದರೆ ಸರಿಸಬೇಕಾದದ್ದು 0.9 ಮಿ.ಮೀ. ಮಾತ್ರ. ಒಂದು ಮಿ.ಮೀ. ಕೂಡ ಅಲ್ಲ! ಸ್ಕ್ರೂ ಮೇಲೆ ಸಿಟ್ಟು ತೋರಿಸಿ ಎರಡು ಸುತ್ತು ತಿರುಗಿಸಿದವರ ಪೆಲೆಟ್ ಇನ್ನೊಂದು ಬದಿಗೆ ಹೋಗುವುದು ಇದೇ ಕಾರಣಕ್ಕೆ. ಸ್ಕೋಪಿನಲ್ಲಿ ಕ್ಲಿಕ್ ಲೆಕ್ಕ. ಸಾಮಾನ್ಯವಾದ ಕಾಲು ಮಿನಿಟ್ (ಮಿನಿಟ್ ಅಂದರೆ ಇಲ್ಲಿ ಕೋನದ ಅಳತೆ, ಡಿಗ್ರಿಯ ಅರವತ್ತರಲ್ಲೊಂದು ಭಾಗ) ಕ್ಲಿಕ್ ಆದರೆ 10 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 0.7 ಮಿ.ಮೀ., ಒಂದು ಸೆಂ.ಮೀ. ಸರಿಸಲು ಹದಿನಾಲ್ಕು ಕ್ಲಿಕ್ ಬೇಕು. 20 ಮೀಟರಿನಲ್ಲಿ ಏಳು ಸಾಕು. 100 ಗಜದ ಲೆಕ್ಕ ಹೇಳುವ ವಿಡಿಯೋ ನೋಡಿ ಎರಡು ಕ್ಲಿಕ್ ತಿರುಗಿಸಿ "ಸ್ಕೋಪ್ ಕೆಲಸ ಮಾಡ್ತಿಲ್ಲ" ಅನ್ನಬೇಡಿ.

ನಮ್ಮ ಊರಿನ ಗಾಳಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆಷಾಢದಲ್ಲಿ ನಮ್ಮ ಕಣದಲ್ಲಿ ತೂರಲು ಗಾಳಿಗೆ ಕಾಯಬೇಕಾಗಿಯೇ ಇಲ್ಲ. ಸೆಕೆಂಡಿಗೆ ಮೂರು ಮೀಟರಿನ ಅಡ್ಡಗಾಳಿ, ಅಂದರೆ ಕೆನ್ನೆಗೆ ತಾಗಿ ಎಲೆ ಅಲುಗುವಷ್ಟು, 20 ಮೀಟರಿನಲ್ಲಿ ಇಂಥ ಪೆಲೆಟನ್ನು ಒಂದೂವರೆ ಎರಡು ಸೆಂ.ಮೀ. ಪಕ್ಕಕ್ಕೆ ತಳ್ಳುತ್ತದೆ. 10 ಮೀಟರಿನಲ್ಲಿ ಅದರ ಕಾಲು ಭಾಗ. ಗಾಳಿಯಲ್ಲಿ ಝೀರೋ ಮಾಡಿದರೆ ನೀವು ಆ ಹೊತ್ತಿನ ಗಾಳಿಯನ್ನು ಸೈಟಿನಲ್ಲಿ ತುಂಬಿಟ್ಟಂತೆ. ಬೆಳಗ್ಗೆ ಆರರಿಂದ ಎಂಟರೊಳಗೆ ಕೂರಿಸಿ, ಬೆಳಕೂ ಆಗ ಮೆತ್ತಗಿರುತ್ತದೆ.

ಗುರಿಯ ಹಿಂದೆ ಏನಿರಬೇಕು ಅನ್ನುವುದು ಇದೆಲ್ಲಕ್ಕಿಂತ ದೊಡ್ಡ ಆಯ್ಕೆ. ಚಿತ್ರದುರ್ಗದ ಸುತ್ತ ಎಲ್ಲಿ ನೋಡಿದರೂ ಹೆಬ್ಬಂಡೆ, ಅದರ ಮುಂದೆ ಕಾಗದ ಅಂಟಿಸುವುದು ಬಹಳ ಸುಲಭ. ದಯವಿಟ್ಟು ಮಾಡಬೇಡಿ. ಬಂಡೆಗೆ ಬಡಿದ ಸೀಸ ಎತ್ತ ಹಾರೀತು ಯಾರೂ ಹೇಳಲಾರರು, ಹೊಡೆದವರ ಕಣ್ಣಿಗೇ ವಾಪಸು ಬರಬಹುದು. ಗೋಣಿಚೀಲಕ್ಕೆ ಜರಡಿ ಹಿಡಿದ ಮಣ್ಣು ತುಂಬಿ ಮೂರು ಸಾಲು ಪೇರಿಸಿ, ಅದರ ಮುಂದೆ ಹಳೆಯ ಬಟ್ಟೆ ತುರುಕಿದ ರಟ್ಟಿನ ಡಬ್ಬಿ ಇಡಿ. ಚೀಲದ ಆಚೆಗೂ ದಾರಿ, ಮನೆ, ದನದ ಕೊಟ್ಟಿಗೆ ಇರಬಾರದು. ಹೊಡೆಯುವವರಿಗೂ ಪಕ್ಕದಲ್ಲಿ ನಿಂತವರಿಗೂ ಕನ್ನಡಕ ಕಡ್ಡಾಯ. ಮಕ್ಕಳು ಹೊಡೆಯುವಾಗ ದೊಡ್ಡವರು ಒಬ್ಬರು ಪಕ್ಕದಲ್ಲೇ ಇರಬೇಕು, ಮನೆಯೊಳಗಿದ್ದು ಕೂಗುವಷ್ಟು ದೂರದಲ್ಲಿ ಅಲ್ಲ.

ಬೆಳೆ ರಕ್ಷಣೆಗೆ ಲೈಸೆನ್ಸ್ ಇಟ್ಟುಕೊಂಡ ಕೆಲವರು ತಮ್ಮ 0.315 ಬೋರಿನ ಮದ್ದಿನ ರೈಫಲ್ಲಿಗೂ ಇದೇ ಲೆಕ್ಕ ಸಾಕೇ ಅಂತ ಕೇಳುತ್ತಾರೆ. ಸೈಟ್ ಸರಿಸುವ ಸೂತ್ರ ಅದೇ, ದೂರ ಮತ್ತು ಜಾಗ ಅದಲ್ಲ. ಅದರ ಗುಂಡು ಮೈಲಿಗಟ್ಟಲೆ ಹೋಗುತ್ತದೆ. ಅದನ್ನು ಹೊಲದಲ್ಲಿ ಕೂರಿಸಬೇಡಿ, ಅನುಮತಿ ಇರುವ ರೇಂಜಿನಲ್ಲಿ, ಗೊತ್ತಿದ್ದವರ ಎದುರೇ ಮಾಡಿ.

ಹಾಗಾದರೆ ಯಾರು ಏನು ತೆಗೆದುಕೊಳ್ಳಬೇಕು? ಹೈಸ್ಕೂಲು ಹುಡುಗ ಹುಡುಗಿಯರಿಗೆ, ಮೊದಲ ಸಲ ಹಿಡಿಯುವವರಿಗೆ, ಹೊಲದಲ್ಲಿ 10 ಮೀಟರ್ ಜಾಗ ಇರುವವರಿಗೆ ಸ್ಪ್ರಿಂಗ್ ರೈಫಲ್, ಓಪನ್ ಸೈಟ್, ಚಪ್ಪಟೆ ಪೆಲೆಟ್. ಮಗು ಆರು ತಿಂಗಳಾದ ಮೇಲೂ ಬೆಳಗ್ಗೆ ತಾನೇ ಎದ್ದು ಗುರಿಕಾಗದ ಅಂಟಿಸುತ್ತಿದ್ದರೆ, ಸ್ಪರ್ಧೆಯ ಮಾತಾಡುತ್ತಿದ್ದರೆ, ಆಗ ಪೀಪ್ ಸೈಟಿನ ಕಡೆ ಹೋಗಿ. ಚಾಳೀಸಿನವರು ಮೊದಲ ದಿನದಿಂದಲೇ ಪೀಪ್ ತೆಗೆದುಕೊಳ್ಳಿ, ಆದರೆ ಕೊಳ್ಳುವ ಮೊದಲು ನಿಮ್ಮ ರೈಫಲ್ ಮೇಲೆ ಅದು ಕೂರುವ ರೈಲು ಇದೆಯೇ ನೋಡಿಕೊಳ್ಳಿ. ನಿಮ್ಮ ಗುರಿ 20 ಮೀಟರ್ ದಾಟುತ್ತದೆ, ಪಿಸಿಪಿ ಕೊಳ್ಳುವ ಶಕ್ತಿ ಇದೆ ಅಂದರೆ ಸ್ಕೋಪ್ ತನ್ನಿ, ಒದೆತವಿಲ್ಲದ ರೈಫಲ್ ಮೇಲೆ ಮಧ್ಯಮ ಬೆಲೆಯದೂ ಬಾಳುತ್ತದೆ.

ಝೀರೋ ಆದ ದಿನ ಸೈಟಿನ ಸ್ಕ್ರೂ ಮೇಲಿಂದ ಪಕ್ಕದ ಲೋಹಕ್ಕೆ ಉಗುರು ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ನಮ್ಮ ರೈಫಲ್ ಮೇಲಿನದು ಮಗಳ ಕೆಂಪು ಬಣ್ಣ. ರಾಜ್ಯಮಟ್ಟದ ಸ್ಪರ್ಧೆಗೆಂದು ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕುಲುಕಾಟಕ್ಕೆ ಸ್ಕ್ರೂ ಅಲುಗಿದ್ದರೆ ಆ ಗೆರೆ ಎರಡು ತುಂಡಾಗಿ ಕಾಣುತ್ತದೆ. ಕಂಡರೆ ಗೆರೆ ಕೂಡಿಸಿ, ಐದು ಹೊಡೆದು, ಕಾಗದ ನೋಡಿ.